ಕ್ಲಿಪ್ಪು ಶೋಕಿಯಲ್ಲ ಸ್ವಾಮಿ

ಹಲ್ಲಿಗೆ ಕ್ಲಿಪ್ ಹಾಕಿಸುವ ವಿಷಯದಲ್ಲಿ ನಾಲ್ಕು ಜನ ಒಂದೇ ಮಾತು ಹೇಳುತ್ತಾರೆ. ನಮ್ಮೂರಿನ ಅಜ್ಜಿಯರು, ಹೆಲ್ತ್ ಇನ್ಶೂರೆನ್ಸ್ ಕಂಪನಿಗಳು, ಸರ್ಕಾರ, ಮತ್ತೆ ಇನ್‌ಸ್ಟಾಗ್ರಾಮಿನಲ್ಲಿ ಅಲೈನರ್ ಮಾರುವವರು. ಬೇರೆ ಯಾವ ವಿಷಯಕ್ಕೂ ಈ ನಾಲ್ವರು ಒಂದೇ ಕಡೆ ನಿಂತದ್ದನ್ನು ನಾನು ನೋಡಿಲ್ಲ. ಅಜ್ಜಿ ಹೇಳೋದು, "ಅದೆಲ್ಲಾ ಪ್ಯಾಟೆಯವ್ರ ಶೋಕಿ ಕಣ್ಲಾ ಮಗ." ಇನ್ಶೂರೆನ್ಸ್‌ನವರು ಹೇಳೋದು, "ಕಾಸ್ಮೆಟಿಕ್ ಸರ್, ಕವರ್ ಆಗಲ್ಲ." ಸರ್ಕಾರ ಬಾಯಿಬಿಟ್ಟು ಏನೂ ಹೇಳಲ್ಲ, ಪಟ್ಟಿಗೆ ಸೇರಿಸದೆ ಸುಮ್ಮನಿರುತ್ತೆ. ಅಲೈನರ್ ಮಾರುವವರು "ನಿಮ್ಮ ಕನಸಿನ ಸ್ಮೈಲ್" ಅಂತಾರೆ. ಮಾತು ಬೇರೆ ಬೇರೆ, ಅರ್ಥ ಒಂದೇ: ಹಲ್ಲಿನ ಸಾಲು ಸರಿಮಾಡಿಸೋದು ಅಂದಚಂದದ ವಿಷಯ.

ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ನಾನು ಭಾನುವಾರ ಕೂತು ಬರೀತಿರಲಿಲ್ಲ. ಈ ಸುಳ್ಳಿನ ದೆಸೆಯಿಂದ ನಿಜಕ್ಕೂ ಬೇಕಾದವರಿಗೆ ಚಿಕಿತ್ಸೆ ಸಿಗ್ತಿಲ್ಲ, ಅಷ್ಟೇನೂ ಬೇಡದವರಿಗೆ ಇಎಂಐ ಮೇಲೆ ಸಿಗ್ತಿದೆ. ನನ್ನ ತಕರಾರು ಅದು.

ನನ್ನೂರು ಕನಕಪುರ ತಾಲ್ಲೂಕಿನ ಕಬ್ಬಾಳು. ನಿಮ್ಮಲ್ಲಿ ಕೆಲವರಾದರೂ ಬಂದಿರ್ತೀರಿ. ಶನಿವಾರ ಬೆಳಗಿನ ಜಾವ ಕಾರು ತಗೊಂಡು ಬಂದು, ಕಬ್ಬಾಳದುರ್ಗ ಹತ್ತಿ, ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಕೆಳಗೆ ಕಬ್ಬಾಳಮ್ಮನಿಗೆ ಕೈಮುಗಿದು ಮಧ್ಯಾಹ್ನದ ಊಟಕ್ಕೆ ಬೆಂಗಳೂರು ಸೇರಿರ್ತೀರಿ. ಆ ಬೆಟ್ಟದ ಬುಡದಲ್ಲಿ ಬೆಳೆದವನು ನಾನು. ಬಿಇ ಮಾಡಿದವನಿಗೆ ಎಲ್ಲವೂ ಗೊತ್ತಿರುತ್ತೆ ಅನ್ನೋದು ಊರಿನವರ ನಂಬಿಕೆ. ಮೊಬೈಲ್ ಹ್ಯಾಂಗ್ ಆದರೂ ನನ್ನನ್ನೇ ಕೇಳ್ತಾರೆ, ಪಹಣಿಯಲ್ಲಿ ಹೆಸರು ತಪ್ಪಾದರೂ ನನ್ನನ್ನೇ ಕೇಳ್ತಾರೆ. ಅಕ್ಕನ ಮಗಳಿಗೆ ಹಲ್ಲಿನ ಚಿಕಿತ್ಸೆ ಕೊಡಿಸಲು ಎರಡು ವರ್ಷ ಓಡಾಡಿದ ಮೇಲಂತೂ ಹಲ್ಲಿನ ಪ್ರಶ್ನೆಗಳೂ ನನ್ನ ಪಾಲಿಗೇ ಬಂದವು. ಆ ಕಡೆ ಆಫೀಸಿನ ಕೆಫೆಟೇರಿಯಾದಲ್ಲೂ ಇದೇ ಮಾತು. ಹೀಗಾಗಿ ಎರಡೂ ಕಡೆಯ ಪ್ರಶ್ನೆಗಳು ನನಗೆ ಬಾಯಿಪಾಠ. ಆಫೀಸಿನ ಪ್ರಶ್ನೆ: "ಟ್ರಾನ್ಸ್‌ಪರೆಂಟ್ ಹಾಕಿಸಿದ್ರೆ ವಿಡಿಯೋ ಕಾಲಲ್ಲಿ ಕಾಣುತ್ತಾ ಮಗಾ?" ಊರಿನ ಪ್ರಶ್ನೆ: "ಹಲ್ ಕಿತ್ರೆ ಕಣ್ ಹೊಂಟೋಯ್ತದಂತೆ, ದಿಟ್ವಾ?"

ಊರಿನ ಪ್ರಶ್ನೆಗಳನ್ನು ಕೇಳಿ ನಗೋದು ಸುಲಭ. ಆದರೆ ಅವರಿಗೆ ಉತ್ತರ ಹೇಳಿದವರು ಯಾರು? ಗೂಗಲ್ಲಿನಲ್ಲಿ ಇಂಗ್ಲಿಷಿನಲ್ಲಿ ರಾಶಿ ರಾಶಿ ಇದೆ, ಕನ್ನಡದಲ್ಲಿ ಸಿಗೋದು ಬೆರಳೆಣಿಕೆಯಷ್ಟು. ಆದ್ದರಿಂದ ಮೊದಲು ಉತ್ತರಗಳನ್ನೇ ಹೇಳಿಬಿಡ್ತೀನಿ, ಜಗಳ ಆಮೇಲೆ.

ಮೊದಲನೆಯದು ಕಣ್ಣಿನ ವಿಷಯ. ಕಣ್ಣಿನಿಂದ ಮಿದುಳಿಗೆ ನೋಟ ಒಯ್ಯುವ ನರ ಬೇರೆ, ಹಲ್ಲಿಗೆ ಬರುವ ನರ ಬೇರೆ. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ದೃಷ್ಟಿಯದು ಎರಡನೆಯ ಜೋಡಿ, ಹಲ್ಲಿನದು ಐದನೆಯ ಜೋಡಿ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗಲ್ಲ. ಹಲ್ಲುಗಳಿಗೆ ದವಡೆಯಲ್ಲಿ ಜಾಗವೇ ಸಾಲದಿದ್ದಾಗ, ಕೋರೆಹಲ್ಲಿನ ಹಿಂದಿರುವ ಒಂದೊಂದು ಹಲ್ಲನ್ನು ಕಿತ್ತು ಆ ಜಾಗ ಬಳಸಿಕೊಳ್ತಾರೆ. ಎಲ್ಲರಿಗೂ ಕೀಳಲ್ಲ. ಕೀಳಬೇಕೋ ಬೇಡವೋ ಅಂತ ಎಕ್ಸ್‌ರೇ ಮತ್ತು ಅಚ್ಚು ನೋಡಿ ಲೆಕ್ಕ ಹಾಕಿ ಹೇಳಬೇಕು, ಬಾಯಿ ತೆರೆಸಿ ಒಂದು ಸಲ ಇಣುಕಿ ಹೇಳೋದಲ್ಲ.

ಎರಡನೆಯದು, "ಈಗ್ಲೇ ಯಾಕೆ? ಮದ್ವೆ ಟೈಮಿಗೆ ನೋಡಾನ ಬುಡು." ಇದು ಎಲ್ಲಕ್ಕಿಂತ ದುಬಾರಿ ಮಾತು. ಮಗುವಿಗೆ ಏಳು ವರ್ಷ ಆಗುವಷ್ಟರಲ್ಲಿ ಒಮ್ಮೆ ಹಲ್ಲಿನ ಸಾಲು ತೋರಿಸಿ ಅನ್ನೋದು ಅಮೆರಿಕದ ದಂತವಕ್ರತಾ ತಜ್ಞರ ಸಂಘದ ಸಲಹೆ. ಏಳಕ್ಕೇ ಕ್ಲಿಪ್ ಹಾಕಿ ಅಂತಲ್ಲ, ತೋರಿಸಿ ಅಂತ. ಹೆಚ್ಚಿನ ಮಕ್ಕಳಿಗೆ ಚಿಕಿತ್ಸೆ ಶುರುವಾಗೋದು ಹತ್ತರಿಂದ ಹದಿನಾಲ್ಕರ ನಡುವೆ. ಆಗ ದವಡೆ ಇನ್ನೂ ಬೆಳೀತಿರುತ್ತೆ. ಕೆಳದವಡೆ ಹಿಂದೆ ಉಳಿದಿದ್ದರೆ ಆ ಬೆಳವಣಿಗೆಯನ್ನೇ ನೆರವಿಗೆ ತಗೋಬಹುದು. ಮೂವತ್ತಕ್ಕೂ ಹಲ್ಲು ಸರಿಸಬಹುದು, ನಿಜ. ಆದರೆ ಬೆಳವಣಿಗೆ ನಿಂತ ಮೇಲೆ ದವಡೆಯದೇ ದೊಡ್ಡ ಏರುಪೇರಿದ್ದರೆ ಕ್ಲಿಪ್ಪಿನ ಜೊತೆ ಆಪರೇಷನ್ನೂ ಬೇಕಾಗಬಹುದು. ಹನ್ನೊಂದಕ್ಕೆ ಪ್ಲಾಸ್ಟಿಕ್ ಉಪಕರಣದಲ್ಲಿ ಪ್ರಯತ್ನಿಸಬಹುದಾದ ಕೆಲಸವನ್ನು ಇಪ್ಪತ್ತೆರಡಕ್ಕೆ ಆಪರೇಷನ್ ಥಿಯೇಟರಿಗೆ ತಗೊಂಡು ಹೋಗೋದು ಯಾವ ಉಳಿತಾಯ?

ಇದರ ತಮ್ಮನಂಥ ಇನ್ನೊಂದು ಮಾತಿದೆ: "ಹಾಲುಹಲ್ ತಾನೆ, ಬಿದ್ದೋಯ್ತದೆ." ಹಾಲುಹಲ್ಲು ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದುಕೊಂಡಿರುತ್ತೆ, ಬಸ್ಸಿನ ಸೀಟಿಗೆ ಟವಲ್ ಹಾಕಿದ ಹಾಗೆ. ಹುಳುಕಾಗಿ ಬೇಗ ಕಿತ್ತುಹಾಕಿದರೆ ಪಕ್ಕದ ಹಲ್ಲು ವಾಲಿಕೊಂಡು ಆ ಸೀಟಲ್ಲಿ ಕೂರುತ್ತೆ. ಆಮೇಲೆ ಬರಬೇಕಾದ ಹಲ್ಲು ಸೊಟ್ಟಗೆ ಬರುತ್ತೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತೆ. ಇನ್ನೂ ಒಂದು: ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದು ದವಡೆಹಲ್ಲು ಬರುತ್ತೆ. ಯಾವ ಹಾಲುಹಲ್ಲೂ ಬೀಳದೆ ಬಂದದ್ದರಿಂದ ಅದೂ ಹಾಲುಹಲ್ಲೇ ಅಂದುಕೊಂಡು ಹುಳುಕಾಗಲು ಬಿಡ್ತಾರೆ. ಅದು ಜೀವಮಾನವಿಡೀ ಇರಬೇಕಾದ ಹಲ್ಲು. ಇಷ್ಟನ್ನು ಒಂದನೇ ಕ್ಲಾಸಿನ ತಾಯಂದಿರಿಗೆ ಹೇಳಲು ಐದು ನಿಮಿಷ ಸಾಕು, ಹೇಳೋರು ಬೇಕು.

ಮೂರನೆಯದು, ನೋವು ಮತ್ತು ಊಟ. ತಂತಿ ಬಿಗಿ ಮಾಡಿದ ಮೇಲೆ ಮೂರ್ನಾಲ್ಕು ದಿನ ಹಲ್ಲು ಜುಮ್ಮನ್ನುತ್ತೆ, ಅಗಿಯಲು ಕಷ್ಟ. ಈ ವಿಷಯದಲ್ಲಿ ನಮ್ಮ ಕಡೆಯವರೇ ಭಾಗ್ಯವಂತರು. ಮುದ್ದೆಯನ್ನು ಯಾರೂ ಅಗಿಯಲ್ಲ, ನುಂಗ್ತಾರೆ. ಬಸ್ಸಾರಿನ ಜೊತೆ ಎರಡು ಮುದ್ದೆ ಕ್ಲಿಪ್ಪಿಗೆ ಗೊತ್ತೇ ಆಗದ ಹಾಗೆ ಇಳಿದುಹೋಗುತ್ತೆ. ಬಿಡಬೇಕಾದದ್ದು ಕಬ್ಬು, ನಿಪ್ಪಟ್ಟು, ಚಕ್ಕುಲಿ, ಸಂಕ್ರಾಂತಿ ಎಳ್ಳಿನೊಳಗಿನ ಕೊಬ್ಬರಿ ಚೂರು, ಬಾಡಿನ ಮೂಳೆ. ಇವು ಬ್ರ್ಯಾಕೆಟ್ ಕಿತ್ತು ಹಾಕುತ್ತವೆ. ಬ್ರಷ್ ಮಾಡೋದರಲ್ಲಿ ಸೋಮಾರಿತನ ಮಾಡಿದರೆ ಕ್ಲಿಪ್ ತೆಗೆದ ದಿನ ಪ್ರತಿ ಹಲ್ಲಿನ ಮೇಲೂ ಬಿಳಿ ಮಚ್ಚೆ ಕಾಣುತ್ತೆ, ಅದು ಹುಳುಕಿನ ಮೊದಲ ಹೆಜ್ಜೆ.

ನಾಲ್ಕನೆಯದು, ಎರಡು ವರ್ಷ ಯಾಕೆ? ಹಲ್ಲು ಮೂಳೆಯೊಳಗೆ ನಿಂತಿದೆ. ಮೆಲ್ಲಗೆ ಒತ್ತಡ ಕೊಟ್ಟರೆ ಒತ್ತಿದ ಕಡೆ ಮೂಳೆ ಕರಗುತ್ತೆ, ಬಿಟ್ಟು ಬಂದ ಕಡೆ ಹೊಸ ಮೂಳೆ ಕಟ್ಟುತ್ತೆ. ಇದರ ವೇಗ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಡೆಡ್‌ಲೈನ್ ಹತ್ತಿರ ಬಂತು ಅಂತ ಇನ್ನಿಬ್ಬರನ್ನು ಟೀಮಿಗೆ ಹಾಕಿದರೆ ಮೂಳೆ ಬೇಗ ಕಟ್ಟಲ್ಲ. ಕ್ಲಿಪ್ ತೆಗೆದ ಮೇಲೂ ಹಲ್ಲಿಗೆ ಹಳೇ ಜಾಗದ ನೆನಪಿರುತ್ತೆ, ವಸಡಿನ ನಾರುಗಳು ಹಿಂದಕ್ಕೆ ಎಳೀತವೆ. ಅದಕ್ಕೇ ರಿಟೇನರ್ ಕೊಡೋದು. ಅದನ್ನು ಡಬ್ಬಿಯಲ್ಲಿಟ್ಟು ಮರೆತವರ ಎರಡು ವರ್ಷ ನೀರಲ್ಲಿ ಹೋಮ.

ಉತ್ತರಗಳು ಇಷ್ಟೇ. ಇವುಗಳಲ್ಲಿ ಅಂದಚಂದ ಎಲ್ಲಿ ಬಂತು? ಮೂಳೆ, ನರ, ಬೆಳವಣಿಗೆ, ಹುಳುಕು, ಊಟ. ಪೂರ್ತಿ ಆರೋಗ್ಯದ ಮಾತು.

ನಮ್ಮ ಅಕ್ಕನ ಮಗಳಿಗೆ ಹದಿಮೂರಾದರೂ ಮೇಲಿನ ಒಂದು ಹಾಲುಕೋರೆ ಬಿದ್ದಿರಲಿಲ್ಲ. ಎಕ್ಸ್‌ರೇಯಲ್ಲಿ ನೋಡಿದರೆ ನಿಜವಾದ ಕೋರೆಹಲ್ಲು ಅಂಗುಳದೊಳಗೆ ಅಡ್ಡ ಮಲಗಿತ್ತು. ಹಾಗೇ ಬಿಟ್ಟರೆ ಅಂಥ ಹಲ್ಲು ಪಕ್ಕದ ಮುಂಬಲ್ಲಿನ ಬೇರನ್ನೇ ಸವೆಸಬಹುದು. ಅವಳಿಗೆ ಬೆಂಗಳೂರಿನಲ್ಲಿ ಸಂಬಳ ಬರುವ ಸೋದರಮಾವ ಇದ್ದ, ಕೆಲಸ ಆಯಿತು. ಅದೇ ಬೀದಿಯ ಇನ್ನೊಬ್ಬ ಹುಡುಗನ ಮೇಲಿನ ಹಲ್ಲುಗಳು ತುಟಿ ಮುಚ್ಚಲಾರದಷ್ಟು ಮುಂದಿದ್ದವು. ಇಡೀ ಸ್ಕೂಲು ಅವನನ್ನು "ಹಲ್ಲುಬ್ಬ" ಅಂತಲೇ ಕರೀತಿತ್ತು. ಕ್ರಿಕೆಟ್ ಆಡುವಾಗ ಬಿದ್ದು ಮುಂದಿನ ಹಲ್ಲು ಅರ್ಧಕ್ಕೆ ಮುರೀತು. ಊರವರು ಅದನ್ನು ಅವನ ಗ್ರಹಚಾರ ಅಂದರು. ಮೇಲಿನ ಹಲ್ಲು ಕೆಳಗಿನದಕ್ಕಿಂತ ಮೂರು ಮಿಲಿಮೀಟರಿಗೂ ಹೆಚ್ಚು ಮುಂದಿದ್ದರೆ ಮುಂಬಲ್ಲಿಗೆ ಪೆಟ್ಟಾಗುವ ಅಪಾಯ ಸುಮಾರು ಎರಡರಷ್ಟು ಅಂತ ದಂತವಿಜ್ಞಾನ ಲೆಕ್ಕ ಹಾಕಿ ಎಷ್ಟೋ ವರ್ಷವಾಯಿತು. ಅದು ಗ್ರಹಚಾರವಲ್ಲ, ಮೊದಲೇ ಗೊತ್ತಿದ್ದ ಬಗ್. ಯಾರೂ ಟಿಕೆಟ್ ತೆಗೆಯಲಿಲ್ಲ, ಅಷ್ಟೇ.

ಈಗ ಜಗಳಕ್ಕೆ ಬರೋಣ. "ಎಷ್ಟಾಯ್ತದೆ?" ಅನ್ನೋದು ಊರಿನ ಕೊನೆಯ ಪ್ರಶ್ನೆ, ಅಸಲಿ ಪ್ರಶ್ನೆ. ಬೆಂಗಳೂರಿನ ಖಾಸಗಿ ಕ್ಲಿನಿಕ್ಕುಗಳಲ್ಲಿ ಸಾಧಾರಣ ಲೋಹದ ಕ್ಲಿಪ್ಪಿಗೇ ಮೂವತ್ತರಿಂದ ಅರವತ್ತು ಸಾವಿರದ ಆಸುಪಾಸು ಹೇಳ್ತಾರೆ. ಡೆಂಟಲ್ ಕಾಲೇಜುಗಳಲ್ಲಿ ಇದಕ್ಕಿಂತ ಕಡಿಮೆ. ಆದರೆ ದುಡ್ಡು ಅರ್ಧ ಲೆಕ್ಕ ಮಾತ್ರ. ತಿಂಗಳಿಗೊಂದು ಸಲ ಅಂದರೆ ಎರಡು ವರ್ಷಕ್ಕೆ ಇಪ್ಪತ್ತನಾಲ್ಕು ಸಲ ಹೋಗಿಬರಬೇಕು. ಕಬ್ಬಾಳಿನಿಂದ ಸಾತನೂರು, ಕನಕಪುರ, ಅಲ್ಲಿಂದ ಬೆಂಗಳೂರು: ಒಂದು ಕಡೆಗೇ ಎಪ್ಪತ್ತು ಎಂಬತ್ತು ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೂ ಮಗಳಿಗೂ ಟಿಕೆಟ್ ಇಲ್ಲ, ಒಪ್ಪಿದೆ. ಆದರೆ ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡಬೇಕಾದ ದಿನವೇ ಡಾಕ್ಟರ ಅಪಾಯಿಂಟ್‌ಮೆಂಟ್ ಬಿದ್ದರೆ ರೇಷ್ಮೆ ಸಾಕುವ ಮನೆಯ ತಾಯಿ ಎಲ್ಲಿಗೆ ಹೋಗ್ತಾಳೆ? ಹುಳ ರಜೆ ಕೊಡಲ್ಲ. ಕೂಲಿಗೆ ಹೋಗುವವಳಾದರೆ ಇಪ್ಪತ್ತನಾಲ್ಕು ದಿನದ ಕೂಲಿ ಖೋತಾ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರು ಬೆಂಗಳೂರಿನ ಹತ್ತಿರ ಬಂತು, ಹಲ್ಲಿನ ತಜ್ಞರು ಅಲ್ಲೇ ಉಳಿದರು.

ಸರ್ಕಾರಕ್ಕೆ ಹಲ್ಲಿನ ಮೇಲೆ ಕಾಳಜಿಯೇ ಇಲ್ಲ ಅನ್ನೋದೂ ತಪ್ಪು. ಕರ್ನಾಟಕದಲ್ಲಿ ದಂತಭಾಗ್ಯ ಅಂತ ಯೋಜನೆ ಇದೆ, ಬಡ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ ಕೊಡೋದು. ಒಳ್ಳೆಯ ಕೆಲಸ, ಒಂದು ಮಾತೂ ಆಡಲ್ಲ. ಹಾಗೇ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರ ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬರುತ್ತೆ. ಸೀಳುತುಟಿ ನೋಡ್ತಾರೆ, ಹುಳುಕು ನೋಡ್ತಾರೆ. ದವಡೆ ಕೂಡುತ್ತದೋ ಇಲ್ಲವೋ, ಹಲ್ಲು ಎಷ್ಟು ಮುಂದಿದೆ ಅನ್ನೋದಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಜಾಗವಿಲ್ಲ. ಅಂದರೆ ತಾತನ ಹಲ್ಲು ಉದುರಿದ ಮೇಲೆ ಸರ್ಕಾರ ಬರುತ್ತೆ, ಮೊಮ್ಮಗನ ಹಲ್ಲು ಮುರಿಯುವ ಮುಂಚೆ ಬರಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನೋ ಗಾದೆಯನ್ನು ಯೋಜನೆಯಾಗಿ ಜಾರಿಗೆ ತಂದ ಹಾಗಿದೆ.

"ಎಲ್ಲರ ಹಲ್ಲನ್ನೂ ಸರ್ಕಾರ ನೇರ ಮಾಡೋಕಾಗುತ್ತಾ? ಅದಕ್ಕಿಂತ ದೊಡ್ಡ ಕೆಲಸ ಇಲ್ವಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲರದ್ದೂ ಮಾಡಬೇಕು ಅಂತ ನಾನೂ ಹೇಳ್ತಿಲ್ಲ. ಯಾರದ್ದು ಮಾಡಬೇಕು ಅಂತ ಅಳೆಯಲು ಅಳತೆಗೋಲು ಇದೆ. 1989ರಲ್ಲಿ ಬ್ರಿಟನ್ನಿನ ಬ್ರೂಕ್ ಮತ್ತು ಶಾ ಅನ್ನುವ ಇಬ್ಬರು ದಂತವೈದ್ಯರು ಹಲ್ಲಿನ ಏರುಪೇರನ್ನು ಒಂದರಿಂದ ಐದು ಗ್ರೇಡಿಗೆ ಹಂಚಿದರು. ನಮ್ಮ ಪಿ1, ಪಿ2 ಟಿಕೆಟ್ ಇದ್ದ ಹಾಗೆ, ಆದರೆ ತಿರುಗುಮುರುಗು: ಅಲ್ಲಿ ಐದು ಅಂದರೆ ಗಂಭೀರ. ಮೇಲಿನ ಹಲ್ಲು ಒಂಬತ್ತು ಮಿಲಿಮೀಟರಿಗಿಂತ ಹೆಚ್ಚು ಮುಂದಿದ್ದರೆ ಐದು, ಆರು ದಾಟಿ ಒಂಬತ್ತರವರೆಗೆ ನಾಲ್ಕು. ಹಲ್ಲು ಹೊರಬರಲಾಗದೆ ಒಳಗೇ ಸಿಕ್ಕಿಕೊಂಡಿದ್ದರೂ ಐದು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಹದಿನೆಂಟರೊಳಗಿನ ಮಕ್ಕಳಲ್ಲಿ ನಾಲ್ಕು ಮತ್ತು ಐದಕ್ಕೆ, ಮೂರರಲ್ಲೂ ಕೆಲವರಿಗೆ, ಖರ್ಚು ತಾನೇ ಹೊರುತ್ತೆ. ಉಳಿದವರು ಬೇಕಿದ್ದರೆ ಸ್ವಂತ ದುಡ್ಡಲ್ಲಿ ಮಾಡಿಸಿಕೊಳ್ತಾರೆ. ಅಲ್ಲೂ ಕ್ಯೂ ಉದ್ದ ಇದೆ, ಬೈಗುಳವೂ ಇದೆ. ಆದರೆ ಬೇಕು ಯಾವುದು, ಆಸೆ ಯಾವುದು ಅಂತ ಸ್ಕೇಲ್ ಇಟ್ಟು ಹೇಳ್ತಾರೆ. ನಮ್ಮಲ್ಲಿ ಅದನ್ನು ಸಂಬಳದ ಸ್ಲಿಪ್ ಹೇಳುತ್ತೆ.

ಇನ್ನೊಂದು ವಾದ ಇನ್ನೂ ನಯವಾದದ್ದು. "ಉಬ್ಬುಹಲ್ಲಿದ್ದರೆ ಏನೀಗ? ಇದ್ದ ಹಾಗೆ ಇರಲಿ, ಅಣಕಿಸುವವರು ಬದಲಾಗಬೇಕು." ಅಣಕಿಸುವವರು ಬದಲಾಗಬೇಕು ಅನ್ನೋದಕ್ಕೆ ನನ್ನ ಪೂರ್ತಿ ಸಹಮತ. ಗ್ರೇಡ್ ಒಂದು, ಎರಡರ ಮಕ್ಕಳಿಗೆ ಈ ಮಾತು ಸಾಕು, ಅವರನ್ನು ಅವರ ಪಾಡಿಗೆ ಬಿಡಿ. ಒಂದು ಹಲ್ಲು ಕೊಂಚ ತಿರುಗಿದ್ದಕ್ಕೆ ಹುಡುಗಿಯನ್ನು ನೋಡಲು ಬಂದವರು ಮುಖ ಸಿಂಡರಿಸಿದರೆ, ರಿಪೇರಿ ಆಗಬೇಕಾದದ್ದು ಅವರು. ಆದರೆ ಕಡಿದಾಗ ಕೆಳಹಲ್ಲು ಅಂಗುಳಕ್ಕೆ ಚುಚ್ಚುವ ಮಗುವಿಗೆ ಸ್ವಾಭಿಮಾನದ ಪಾಠ ಹೇಳಿದರೆ ಗಾಯ ಮಾಯೋದಿಲ್ಲ.

ಈಗ ನಮ್ಮ ಕೆಫೆಟೇರಿಯಾ. ಕಣ್ಣಿಗೆ ಕಾಣದ ಪಾರದರ್ಶಕ ಅಲೈನರ್ ಕೆಟ್ಟ ತಂತ್ರಜ್ಞಾನವಲ್ಲ. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅಲೈನ್ ಟೆಕ್ನಾಲಜಿ ಕಂಪನಿಯ ಇನ್ವಿಸಲೈನ್‌ನಿಂದ ಇದು ಜಗತ್ತಿಗೆ ಹರಡಿತು. ಸರಿಯಾದ ಕೇಸಿಗೆ, ತಜ್ಞರ ಕಣ್ಣಡಿಯಲ್ಲಿ, ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ಗಂಟೆ ಹಾಕಿಕೊಂಡರೆ ಕೆಲಸ ಮಾಡುತ್ತೆ. ನನ್ನ ಸಿಟ್ಟು ಮಾರುವ ರೀತಿಯ ಮೇಲೆ. ವೈದ್ಯರನ್ನು ಎದುರಿಗೆ ನೋಡೋದೇ ಬೇಡ, ಮನೆಗೇ ಅಚ್ಚಿನ ಕಿಟ್ ಕಳಿಸ್ತೀವಿ ಅಂತ ಅಮೆರಿಕದಲ್ಲಿ ಹೊರಟ ಸ್ಮೈಲ್ ಡೈರೆಕ್ಟ್ ಕ್ಲಬ್ 2019ರಲ್ಲಿ ಷೇರುಪೇಟೆಗೂ ಬಂತು. 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಹಲ್ಲು ಅರ್ಧ ದಾರಿಯಲ್ಲಿ, ಕಂಪನಿ ಇಲ್ಲ, ಕಂತು ಮಾತ್ರ ಕಟ್ಟುತ್ತಲೇ ಇರಿ ಅಂತ ಗ್ರಾಹಕರಿಗೆ ಹೇಳಲಾಯಿತು. ಸ್ಟಾರ್ಟಪ್ ಮುಳುಗಿದರೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬಹುದು, ಸರಿದ ಹಲ್ಲನ್ನು ರೋಲ್‌ಬ್ಯಾಕ್ ಮಾಡೋಕಾಗಲ್ಲ. ನೀವು ಮಾಡಿಸಿಕೊಳ್ಳಿ, ನಿಮ್ಮ ದುಡ್ಡು, ನಿಮ್ಮ ಬಾಯಿ. ಆದರೆ ಇಎಂಐಗೆ ಸೈನ್ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ. ಪ್ಲಾನ್ ಮಾಡೋರು ಬಿಡಿಎಸ್ ಆದ ಮೇಲೆ ಇದೇ ವಿಷಯದಲ್ಲಿ ಮೂರು ವರ್ಷದ ಎಂಡಿಎಸ್ ಮಾಡಿದ್ದಾರಾ? ಎಕ್ಸ್‌ರೇ ನೋಡಿದ್ದಾರಾ? ಪ್ರತಿ ಸಲ ನನ್ನನ್ನು ನೋಡೋದು ಅವರೇನಾ, ಬೇರೆಯವರಾ?

ಹಾಗಾದರೆ ಮಾಡಬೇಕಾದದ್ದು ಏನು? ನನ್ನ ಬೇಡಿಕೆ ಮೂರೇ. ಒಂದು, ಶಾಲೆಗೆ ಬರುವ ಆರೋಗ್ಯ ತಂಡದ ಫಾರಂನಲ್ಲಿ ಒಂದು ಕಾಲಂ ಸೇರಿಸಿ, ಕೈಗೊಂದು ಸ್ಕೇಲ್ ಕೊಡಿ. ಆರು ಮಿಲಿಮೀಟರ್ ದಾಟಿದ್ದಾ, ಹಲ್ಲು ಸಿಕ್ಕಿಕೊಂಡ ಅನುಮಾನ ಇದೆಯಾ, ಬರೆದುಕೊಳ್ಳಲಿ. ಎಣಿಸದೇ ಇರುವ ಕಾಯಿಲೆಗೆ ಬಜೆಟ್ ಬರಲ್ಲ. ಎರಡು, ನಲವತ್ತರ ಆಸುಪಾಸು ಡೆಂಟಲ್ ಕಾಲೇಜುಗಳಿರುವ ರಾಜ್ಯ ನಮ್ಮದು. ಕ್ಲಿಪ್ಪಿನ ವಿಷಯದಲ್ಲಿ ಎಂಡಿಎಸ್ ಓದುವವರಿಗೆ ಕಲಿಯಲು ರೋಗಿಗಳು ಬೇಕು, ಹಳ್ಳಿಯ ಮಕ್ಕಳಿಗೆ ಡಾಕ್ಟರು ಬೇಕು. ತಿಂಗಳಿಗೊಂದು ನಿಗದಿತ ದಿನ ಆ ತಂಡ ಕನಕಪುರದ ತಾಲ್ಲೂಕು ಆಸ್ಪತ್ರೆಗೆ ಬರಲಿ. ಇಪ್ಪತ್ತನಾಲ್ಕು ಮಕ್ಕಳು ಇಪ್ಪತ್ತನಾಲ್ಕು ಸಲ ಬೆಂಗಳೂರಿಗೆ ಹೋಗೋದಕ್ಕಿಂತ ನಾಲ್ಕು ಡಾಕ್ಟರು ಒಂದು ವ್ಯಾನಿನಲ್ಲಿ ಬರೋದು ಅಗ್ಗ ಅನ್ನೋಕೆ ಬಿಇ ಬೇಕಾಗಿಲ್ಲ. ಮೂರು, ಇನ್ಶೂರೆನ್ಸ್ ಕಂಪನಿಗಳು ಕಾಸ್ಮೆಟಿಕ್ ಅನ್ನೋ ಒಂದೇ ಸೀಲು ಎಲ್ಲಕ್ಕೂ ಒತ್ತೋದು ಬಿಡಲಿ. ಗ್ರೇಡ್ ನಾಲ್ಕು, ಐದು ಅಂತ ತಜ್ಞರು ಬರೆದುಕೊಟ್ಟರೆ ಅದು ಚಿಕಿತ್ಸೆ.

ನಿಮಗೂ ಒಂದು ಕೆಲಸ ಇದೆ. ಕಂಪನಿ ಕಾಯಿದೆ 2013ರ ಪ್ರಕಾರ ಕಾಯಿದೆಯ ಮಿತಿಗೆ ಬರುವ ಕಂಪನಿಗಳು ಲಾಭದ ಎರಡು ಪರ್ಸೆಂಟ್ ಸಿಎಸ್‌ಆರ್‌ಗೆ ತೆಗೆದಿಡಬೇಕು. ನಿಮ್ಮ ಕಂಪನಿಯ ಸಿಎಸ್‌ಆರ್ ಟೀಮು ಹೊಸ ಐಡಿಯಾ ಕೊಡಿ ಅಂತ ಮೇಲ್ ಕಳಿಸಿದಾಗ ಆ ವ್ಯಾನಿನ ಡೀಸೆಲ್ ಖರ್ಚಿನ ವಿಷಯ ಬರೀರಿ. ಊರಿಗೆ ಹೋದಾಗ ಅಕ್ಕತಂಗಿಯರ ಮಕ್ಕಳ ಬಾಯಿ ಒಮ್ಮೆ ತೆರೆಸಿ ನೋಡಿ. ಹನ್ನೆರಡಾದರೂ ಮೇಲಿನ ಕೋರೆ ಕಾಣದಿದ್ದರೆ, ಬಾಯಲ್ಲೇ ಉಸಿರಾಡ್ತಿದ್ದರೆ, ತುಟಿ ಮುಚ್ಚದಿದ್ದರೆ ಡಾಕ್ಟರಿಗೆ ತೋರಿಸಲು ಹೇಳಿ. ಯಾರಾದರೂ "ಅದೆಲ್ಲಾ ಶೋಕಿ" ಅಂದರೆ ಸುಮ್ಮನೆ ನಕ್ಕು ಬರಬೇಡಿ, ಕೂತು ಉತ್ತರ ಹೇಳಿ, ಕನ್ನಡದಲ್ಲೇ ಹೇಳಿ.

ಶೋಕಿ ಅಂದರೆ ಇಲ್ಲದಿದ್ದರೂ ನಡೆಯುವಂಥದ್ದು. ಊಟ ಅಗಿಯೋದು, ತುಟಿ ಮುಚ್ಚೋದು, ಬಿದ್ದರೂ ಹಲ್ಲು ಉಳಿಯೋದು ಇಲ್ಲದಿದ್ದರೂ ನಡೆಯುತ್ತೆ ಅನ್ನುವವರು ಮೊದಲು ತಮ್ಮ ಮಕ್ಕಳ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿ ತೋರಿಸಲಿ.